ಆರಿಸದೆ ಕೈಸೇರಿದ ಪುಸ್ತಕಗಳು

ಪುಸ್ತಕದ ಅಂಗಡಿಗೆ ಹೋದವರು ಸಾಮಾನ್ಯವಾಗಿ ತಮಗೆ ಗೊತ್ತಿರುವ ಲೇಖಕರನ್ನೇ ಹುಡುಕುತ್ತಾರೆ. ಕಾದಂಬರಿಪ್ರಿಯರು ವಿಮರ್ಶೆಯ ಕಪಾಟಿನತ್ತ ತಿರುಗುವುದು ಅಪರೂಪ. ಹಾಗಾದರೆ ಹೆಸರೇ ಕೇಳಿರದ ಲೇಖಕನ ಮೊದಲ ಪುಸ್ತಕ ಓದುಗನನ್ನು ತಲುಪುವುದು ಹೇಗೆ? ಈ ಪ್ರಶ್ನೆಗೆ ಧಾರವಾಡ ಕಂಡುಕೊಂಡ ಉತ್ತರಗಳಲ್ಲಿ ಒಂದು ಮನೋಹರ ಗ್ರಂಥಮಾಲೆ.

ಜಿ.ಬಿ. ಜೋಶಿಯವರು 1933ರಲ್ಲಿ ಇದನ್ನು ಆರಂಭಿಸಿದಾಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪುಸ್ತಕ ಅಚ್ಚು ಹಾಕಿಸುವುದಕ್ಕಿಂತ ಅದನ್ನು ಮಾರುವುದೇ ಕಷ್ಟವಾಗಿದ್ದ ಕಾಲ. ಗಳಗನಾಥರಂಥ ಹಿರಿಯ ಕಾದಂಬರಿಕಾರರೇ ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿದ್ದರು.

'ಮಾಲೆ'ಯ ಪದ್ಧತಿ ಈ ಕಷ್ಟಕ್ಕೊಂದು ಪರಿಹಾರ. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ಪ್ರಕಾಶಕರು ಪುಸ್ತಕ ಕಳಿಸುತ್ತಾರೆ. ಅಚ್ಚಿನ ಖರ್ಚಿಗೆ ಆಧಾರ ಸಿಗುತ್ತದೆ. ಆದರೆ ಯಾವ ಪುಸ್ತಕ ಎಂಬ ನಿರ್ಧಾರ ಪ್ರಕಾಶಕರದು. ಅಂದರೆ ಚಂದಾದಾರರು ಕೊಡುತ್ತಿದ್ದುದು ಬರೀ ಹಣವಲ್ಲ, ನಂಬಿಕೆ. ಆಯ್ಕೆ ಕೆಟ್ಟರೆ ಮಾಲೆಯೇ ಕಡಿದುಹೋಗುತ್ತಿತ್ತು.

ಆ ನಂಬಿಕೆಯನ್ನು ಜೋಶಿಯವರು ಧೈರ್ಯವಾಗಿ ಬಳಸಿದರು. ಸುಭಾಷ ರಸ್ತೆಯ 'ಅಟ್ಟ' ಸಾಹಿತಿಗಳ ಹರಟೆಯ ತಾಣವಾಯಿತು. ಕೀರ್ತಿನಾಥ ಕುರ್ತಕೋಟಿಯವರು ಸಲಹೆಗಾರರಾಗಿ ಜೊತೆಗಿದ್ದರು. 1961ರಲ್ಲಿ 'ಯಯಾತಿ' ಹೊರಬಂದಾಗ ಗಿರೀಶ ಕಾರ್ನಾಡರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. 1965ರಲ್ಲಿ ಬಂದದ್ದು ಯು.ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ'. ಅಗ್ರಹಾರದ ಆಚಾರವನ್ನೇ ಪ್ರಶ್ನಿಸಿದ ಆ ಕೃತಿ ದೊಡ್ಡ ವಿವಾದ ಎಬ್ಬಿಸಿತು. 1969ರಲ್ಲಿ ಎ.ಕೆ. ರಾಮಾನುಜನ್ ಅವರ ಕವನ ಸಂಕಲನ 'ಹೊಕ್ಕುಳಲ್ಲಿ ಹೂವಿಲ್ಲ' ಬಂತು.

ಕತೆ-ಕಾವ್ಯಗಳ ಜೊತೆಗೇ ಕನ್ನಡ ಸಾಹಿತ್ಯದ ಬೆಳವಣಿಗೆಯನ್ನು ಪರಿಶೀಲಿಸುವ 'ನಡೆದು ಬಂದ ದಾರಿ' ಸಂಪುಟಗಳೂ ಬಂದವು. ಹೀಗಾಗಿ ಒಂದೇ ಮನೆಯ ಕಪಾಟಿನಲ್ಲಿ ನಾಟಕ, ಕಾದಂಬರಿ, ಕವಿತೆ, ವಿಮರ್ಶೆ ಪಕ್ಕಪಕ್ಕದಲ್ಲಿ ಕುಳಿತವು. ಮನೆಯ ಯಜಮಾನರು ಓದದೆ ಬಿಟ್ಟದ್ದನ್ನು ಮಗಳೋ ಮೊಮ್ಮಗನೋ ಎತ್ತಿಕೊಳ್ಳಬಹುದಿತ್ತು.

ಜೋಶಿಯವರು 1993ರಲ್ಲಿ ತೀರಿಕೊಂಡ ಮೇಲೂ ಗ್ರಂಥಮಾಲೆ ನಿಲ್ಲಲಿಲ್ಲ. ಕಾರ್ನಾಡರ ಆತ್ಮಕಥೆ 'ಆಡಾಡತಾ ಆಯುಷ್ಯ' 2011ರಲ್ಲಿ ಇಲ್ಲಿಂದಲೇ ಬಂತು.

ಇಂದು ಪುಸ್ತಕಗಳಿಗೆ ಬರವಿಲ್ಲ, ಆಯ್ಕೆಗೂ ಅಡ್ಡಿಯಿಲ್ಲ. ಆದರೆ ಬೇಕಾದ್ದನ್ನಷ್ಟೇ ಕೊಳ್ಳುವ ಓದುಗರಿಗೆ ತಮಗೆ ಇನ್ನೇನು ಬೇಕಾಗಬಹುದಿತ್ತು ಎಂಬುದು ತಿಳಿಯುವುದೇ ಇಲ್ಲ. ಆ ಚಂದಾದಾರರ ಪಾಲಿಗೆ ಅದನ್ನು ತಿಳಿಸುವ ಕೆಲಸವನ್ನು ಧಾರವಾಡದ ಒಂದು ಅಟ್ಟ ಮಾಡುತ್ತಿತ್ತು.