ಕರಿಹಲಗೆಯ ಹಿಂದೆ ಇದ್ದ ಊಟದ ಡಬ್ಬಿ



ಮೊನ್ನೆ ನಮ್ಮ ಕೇರಿ ಮಕ್ಕಳು ಹೋಗೋ ಸರ್ಕಾರಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಅಲ್ಲಿ ಪಾಠ ಮಾಡೋ ಗೆಳೆಯನೊಬ್ಬ, "ಅಣ್ಣ, ಮೇಷ್ಟ್ರುಗಳಿಗೆ ಯಾವುದು ಉಪಯೋಗ, ಯಾವುದು ದಂಡ ಅಂತ ಒಂದು ಪೋಸ್ಟ್ ಹಾಕಿ" ಅಂದ. ನಾನು ದಿನವಿಡೀ ನುಡಿಯಲ್ಲಿ ಟಿಪ್ಪಣಿ ಕುಟ್ಟೋ ಗುಮಾಸ್ತ, ತಂತ್ರಜ್ಞ ಅಲ್ಲ. ಆದರೆ ಶಾಲೆಗೆ ಬಂದ ಒಂದೊಂದು ಸಾಮಾನನ್ನೂ ಯಾರು ಮುಟ್ಟಿದರು, ಯಾರನ್ನು ಮುಟ್ಟಗೊಡಲಿಲ್ಲ ಅನ್ನೋ ಚರಿತ್ರೆ ಸ್ವಲ್ಪ ಗೊತ್ತು. ಅದನ್ನೇ ಬರೀತೀನಿ. ಉದ್ದ ಆಗುತ್ತೆ, ಓದಿ.

ಶುರು ಮಾಡಬೇಕಾದ್ದು ಧಾರವಾಡದಿಂದ. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗಿದೆ ಅಂತ ಬೊಂಬಾಯಿ ಸರ್ಕಾರವೇ ಒಪ್ಪಿಕೊಂಡಿತು. ಆದರೂ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆ ಶಾಲೆ ಇದ್ದೂ ಇಲ್ಲದಂತಾಗುತ್ತೆ ಅನ್ನೋ ನೆಪದಲ್ಲಿ ಅವನ ಅರ್ಜಿ ತಿರಸ್ಕರಿಸಿತು. ನಾನೂ ಅರ್ಜಿ ವಿಲೇವಾರಿ ಮಾಡೋ ಕೆಲಸದವನು. 'ನ್ಯಾಯ ಸರಿ, ಆದರೆ' ಅನ್ನೋ ಈ ಧಾಟಿ ನಮ್ಮ ಕಡತಗಳಲ್ಲಿ ಇನ್ನೂ ಇದೆ. ಆಮೇಲೆ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಆ ಹುಡುಗನ ಹೆಸರು ನಾವು ಓದಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಒಳಗೆ ಹೋದ ಮೇಲಾದರೂ? ಸಾತಾರದಲ್ಲಿ ಬಾಬಾಸಾಹೇಬರಿಗೆ ಕೂರೋಕೆ ಬೇರೆಯೇ ಗೋಣಿತಾಟು. ಶಾಲೆ ಗುಡಿಸೋ ಆಳು ಸಹ ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಅವರು ಅದನ್ನು ದಿನಾ ಮನೆಗೆ ಹೊತ್ತುಕೊಂಡು ಹೋಗಿ ಮತ್ತೆ ತರಬೇಕಿತ್ತು. ಆಮೇಲೆ ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಇದೆ: ಲೆಕ್ಕ ಬಿಡಿಸು ಬಾ ಅಂತ ಮೇಷ್ಟ್ರು ಕರಿಹಲಗೆ ಹತ್ತಿರ ಕರೆದರು. ಸವರ್ಣ ಮಕ್ಕಳ ಊಟದ ಡಬ್ಬಿಗಳು ಇದ್ದದ್ದು ಆ ಹಲಗೆಯ ಹಿಂದೆಯೇ. ಹಲಗೆ ಮುಟ್ಟಿದರೆ ಊಟ ಮೈಲಿಗೆ! ಗದ್ದಲ ಎಬ್ಬಿಸಿ, ಓಡಿಬಂದು ಡಬ್ಬಿಗಳನ್ನು ಎತ್ತಿಕೊಂಡರು. ಆಮೇಲಷ್ಟೇ ಅವರ ಕೈ ಹಲಗೆ ತಲುಪಿದ್ದು. ಕರೆದ ಮೇಷ್ಟ್ರನ್ನು ನಾನು ಮರೆಯಲ್ಲ. ಕರೆಯದೇ ಇದ್ದಿದ್ದರೆ ಡಬ್ಬಿಗಳ ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು.

ನಮ್ಮಪ್ಪ ಹೇಳ್ತಿದ್ರು, ಅವರ ಮೇಷ್ಟ್ರು ಸ್ಲೇಟನ್ನು ಕೈಗೆ ತಗೊಳ್ತಿರಲಿಲ್ಲವಂತೆ. ನೆಲದ ಮೇಲೆ ಇಡಿಸಿ, ಕೋಲಿನ ತುದಿಯಲ್ಲಿ ತಪ್ಪು ತೋರಿಸ್ತಿದ್ರಂತೆ.

ನನ್ನ ಕಾಲಕ್ಕೆ ಬರೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಆದಮೇಲೆ 'ಆಪರೇಷನ್ ಬ್ಲಾಕ್‌ಬೋರ್ಡ್' ಅಂತ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಬೋರ್ಡು, ಭೂಪಟ, ಚಾರ್ಟು, ಪುಸ್ತಕ, ಆಟದ ಸಾಮಾನು. ಒಳ್ಳೆಯ ಯೋಜನೆ, ಸುಳ್ಳು ಹೇಳಲ್ಲ. ನಮ್ಮ ಶಾಲೆಗೂ ಪೆಟ್ಟಿಗೆ ಬಂತು, ಬೀಗವೂ ಬಿತ್ತು. ಅದರಲ್ಲಿದ್ದ ಗ್ಲೋಬನ್ನು ನಾನು ಮುಟ್ಟಿದ್ದು ಒಂದೇ ಸಲ, ತಪಾಸಣೆಗೆ ಸಾಹೇಬ್ರು ಬರ್ತಾರೆ ಅಂತ ದೂಳು ಒರೆಸೋಕೆ. ಗ್ಲೋಬ್ ತಿರುಗಿಸಿ ದೇಶ ತೋರಿಸಿದ್ದು ಮುಂದಿನ ಸಾಲಿನ ಹುಡುಗರು.

2004ರ ಸೆಪ್ಟೆಂಬರ್ 20ಕ್ಕೆ ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು, ಬರೀ ಶಿಕ್ಷಣಕ್ಕೇ ಮೀಸಲಾದ ಉಪಗ್ರಹ. ಅದರ ಪಾಠವನ್ನು ಮೊದಮೊದಲು ನೋಡಿದವು ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು. ಆವತ್ತು ನನಗೆ ನಿಜಕ್ಕೂ ಖುಷಿಯಾಗಿತ್ತು. ಟಿವಿಯೊಳಗಿನ ಟೀಚರ್‌ಗೆ ಮಗು ಯಾವ ಬೀದಿಯದು ಅಂತ ಕಾಣಲ್ಲವಲ್ಲ! ಆದರೆ ಅದೇ ಟೀಚರ್‌ಗೆ ಮಗುವಿನ ಪ್ರಶ್ನೆಯೂ ಕೇಳಲ್ಲ ಅನ್ನೋದು ಆಮೇಲೆ ಹೊಳೀತು.

ಕೊರೊನಾ ಎಲ್ಲವನ್ನೂ ಬಯಲು ಮಾಡಿತು. 2020ರ 'ವಿದ್ಯಾಗಮ'ದಲ್ಲಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಅಂತ ವಿಂಗಡಿಸಿದರು. ಯಾವ ಬೀದಿಯ ಮಕ್ಕಳು ಯಾವ ಪಟ್ಟಿಗೆ ಬಂದರು ಅಂತ ನಾನು ಹೇಳಬೇಕಾ? ಶಿಕ್ಷಕರೇ ಊರಿಗೆ ಬಂದು ಪಾಠ ಮಾಡಿದ್ದು ದೊಡ್ಡ ಕೆಲಸ. ನನಗೆ ಗೊತ್ತಿರೋ ಒಂದು ಊರಲ್ಲಿ ಪಾಠಕ್ಕೆ ಜಾಗ ಸಿಕ್ಕಿದ್ದು ದೇವಸ್ಥಾನದ ಜಗಲಿ. ನಮ್ಮ ಮಕ್ಕಳು ಕೆಳಗೆ ಹೊಂಗೆ ಮರದಡಿ ನಿಂತರು. ಎರಡನೇ ದಿನ ಆ ಟೀಚರಮ್ಮ ಯಾರನ್ನೂ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಪಾಠವನ್ನೇ ಅಂಬೇಡ್ಕರ್ ಭವನದ ವರಾಂಡಕ್ಕೆ ಎತ್ತಿಕೊಂಡು ಬಂದರು. ಮೇಲಿನ ಬೀದಿಯ ನಾಲ್ಕು ಮಕ್ಕಳು ಬರಲಿಲ್ಲ, ಉಳಿದವರು ಬಂದರು.

ಈಗ ಗೆಳೆಯ ಕೇಳಿದ್ದಕ್ಕೆ ಉತ್ತರ. 2017ರ ಶಿಕ್ಷಕರ ದಿನದಂದು ಶುರುವಾದ ದೀಕ್ಷಾ ನಿಜಕ್ಕೂ ಉಪಯೋಗ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ನೆಟ್ ಸಿಗೋ ಕಡೆ ಇಳಿಸಿಕೊಂಡು, ನೆಟ್ ಇಲ್ಲದ ತರಗತಿಯಲ್ಲಿ ತೋರಿಸಬಹುದು. ಡಿಎಸ್‌ಇಆರ್‌ಟಿ ಜೊತೆಗೂಡಿ ಐಟಿ ಫಾರ್ ಚೇಂಜ್ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ನನಗೆ ಅದಕ್ಕಿಂತ ಇಷ್ಟ. ಕನ್ನಡದಲ್ಲಿದೆ, ಶಿಕ್ಷಕರೇ ಬರೆದು ಸೇರಿಸಬಹುದು. ಧಾರವಾಡದ ಆ ಹುಡುಗನ ಅರ್ಜಿಯನ್ನು ಒಂದು ಪಾಠವಾಗಿ ಯಾರಾದರೂ ಅಲ್ಲಿ ಹಾಕಿ, ಟೈಪಿಂಗ್ ನಾನು ಮಾಡಿಕೊಡ್ತೀನಿ. ವಾಟ್ಸಾಪ್ ಗ್ರೂಪಿನಲ್ಲಿ ಹೋಂವರ್ಕ್ ಹಾಕಿ ಮುಗೀತು ಅನ್ನಬೇಡಿ. ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿ ಫೋನೂ ಹೋಗಿರುತ್ತೆ.

ಮೊನ್ನೆಯ ಉದ್ಘಾಟನೆಗೆ ನಾನೂ ಹೋಗಿದ್ದೆ. ಸ್ಮಾರ್ಟ್ ಬೋರ್ಡಿನ ಪೆನ್ನು ಗಣ್ಯರ ಕೈಯಿಂದ ಕೈಗೆ ಹೋಯಿತು, ಫೋಟೋ ಆಯಿತು, ಬೀರುವಿಗೆ ಸೇರಿತು. ಯಾವ ಮಗುವಿನ ಕೈಗೂ ಬರಲಿಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿದ್ದೀನಿ, ಬೀರು ತೆಗೆಸಿ ನೋಡಿಕೊಂಡು ಬರ್ತೀನಿ.