ಆ್ಯಪ್‌ನಲ್ಲಿ 'ವರ್ಷ' ಅಂತ ಒಂದು ಕಾಲಂ

ಉಡುಪಿ ಕಡೆ ತಿರುಗಾಡಲು ಬರುವವರಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡೋಣ ಅಂತ ನಾವು ಮೂವರು ಗೆಳೆಯರು ಕೆಲವು ವಾರಗಳಿಂದ ತಲೆ ಕೆಡಿಸಿಕೊಂಡಿದ್ದೇವೆ. ಮೂವರೂ ಸಾಫ್ಟ್‌ವೇರಿನವರು. ವಾರದ ಐದು ದಿನ ಕಂಪೆನಿಯ ಕೋಡ್ ಬರೆದು, ಶನಿವಾರ ನಮ್ಮದನ್ನು ಬರೆಯುವವರು. ಮೊದಲ ಆವೃತ್ತಿಗೆ ನಾಲ್ಕೇ ಊರು: ಉಡುಪಿ, ಮಣಿಪಾಲ, ಕಾಪು, ಕಾರ್ಕಳ. ಮ್ಯಾಪು, ಫೋಟೋ, ಬಾಗಿಲು ತೆರೆಯುವ ಸಮಯ, ಬಸ್ಸು, ಊಟ... ಈ ಫೀಚರುಗಳ ಬಗ್ಗೆ ಜಗಳವೇ ಆಗಲಿಲ್ಲ. ಜಗಳ ಶುರುವಾಗಿದ್ದು ಡೇಟಾಬೇಸಿನ ಒಂದು ಸಣ್ಣ ಕಾಲಂ ಬಗ್ಗೆ. ಅದರ ಹೆಸರು 'ವರ್ಷ'. ನಾಲ್ಕು ಅಂಕಿ, ಅಷ್ಟೇ.

"ಪ್ರವಾಸಿಗರಿಗೆ ಇತಿಹಾಸ ಎಲ್ಲ ಯಾಕೆ ಮಾರಾಯ, ಒಂದು ಇಸವಿ ಹಾಕಿದ್ರೆ ಸಾಕು" ಅಂದ ಒಬ್ಬ. ನನಗೆ ಸಾಲದು ಅನ್ನಿಸಿತು. ಈ ಊರುಗಳಲ್ಲಿ ಯಾವ ಜಾಗದ ಕಥೆಯೂ ಒಂದೇ ಇಸವಿಯಲ್ಲಿ ಮುಗಿಯುವುದಿಲ್ಲ. ಅದಕ್ಕೇ ಬೇರೊಂದು ಫೀಚರ್ ಕೇಳಿದೆ. ಮ್ಯಾಪಿನ ಕೆಳಗೆ ಬೆರಳಲ್ಲಿ ಎಳೆಯುವ ಒಂದು ಪಟ್ಟಿ. ಯಾವ ಇಸವಿಯ ಮೇಲೆ ನಿಲ್ಲಿಸುತ್ತೇವೋ ಆಗ ಇದ್ದದ್ದು ಮಾತ್ರ ಮ್ಯಾಪಿನಲ್ಲಿ ಕಾಣಬೇಕು. ಹಾಗೆ ಎಳೆದರೆ ಏನು ಕಾಣಿಸುತ್ತದೆ ಅಂತ ಗೆಳೆಯರಿಗೆ ತೋರಿಸಲು ಟಿಪ್ಪಣಿ ಮಾಡಿದ್ದೆ. ಅದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಹಾಕುತ್ತಿದ್ದೇನೆ.

ಮೊದಲು 1300ಕ್ಕೆ ಎಳೆಯಿರಿ. ಉಡುಪಿಯಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳಿವೆ. ಇವು ಕೃಷ್ಣನ ಗುಡಿಗಿಂತ ಹಳೆಯವು. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜೆಯ ಹೊಣೆಯನ್ನು ಎಂಟು ಶಿಷ್ಯರಿಗೆ ಒಪ್ಪಿಸಿದ್ದಾರೆ. ಕಾಪುವಿನ ಕಡಲತೀರದ ಬಂಡೆ ಬೋಳು. ಕಾರ್ಕಳದ ಬೆಟ್ಟವೂ ಬೋಳು. ಮಣಿಪಾಲ ಎಂದರೆ ಬರೀ ಗುಡ್ಡ.

1432ಕ್ಕೆ ಬನ್ನಿ. ಕಾರ್ಕಳದ ಬೆಟ್ಟದ ಮೇಲೆ ಸುಮಾರು 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟ ನಿಂತಿದ್ದಾನೆ. ನಿಲ್ಲಿಸಿದವನು ಭೈರರಸ ಮನೆತನದ ವೀರಪಾಂಡ್ಯ. ನಾಲ್ಕು ವರ್ಷ ಬಿಟ್ಟು, 1436ರಲ್ಲಿ, ಎದುರಿಗೆ ಬ್ರಹ್ಮದೇವರ ಕಂಬ ಬಂತು. ನೋಡಿ, ಒಂದೇ ಬೆಟ್ಟಕ್ಕೆ ಆಗಲೇ ಎರಡು ಇಸವಿ! ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಅಂತ ಲೆಕ್ಕ. ಆದರೆ 2002ರಲ್ಲಿ ನಡೆದದ್ದು ಮತ್ತೆ ನಡೆದಿದ್ದು 2015ರಲ್ಲಿ. ಕ್ಯಾಲೆಂಡರಿನಲ್ಲಿ 'ಹನ್ನೆರಡು ವರ್ಷಕ್ಕೊಮ್ಮೆ ನೆನಪಿಸು' ಅಂತ ಕೋಡ್ ಬರೆದು ಕೂರುವ ಹಾಗಿಲ್ಲ :)

1586ರಲ್ಲಿ ಗೊಮ್ಮಟನ ಬೆಟ್ಟಕ್ಕೆ ಎದುರಾಗಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿ ಕಾಣಿಸುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕರ ಒಳಗೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರೇ ತೀರ್ಥಂಕರರು. ಎಡೆಯಲ್ಲಿ ಉಡುಪಿಯೂ ಬದಲಾಗಿದೆ. ಎರಡು ತಿಂಗಳಿಗೊಮ್ಮೆ ಕೈ ಬದಲಾಗುತ್ತಿದ್ದ ಪೂಜೆಯನ್ನು ವಾದಿರಾಜರು ಎರಡು ವರ್ಷದ ಪರ್ಯಾಯವಾಗಿ ಮಾಡಿದ್ದಾರೆ. ಇವತ್ತಿನ ಟೂರ್ ಪ್ಯಾಕೇಜುಗಳಲ್ಲಿ ಉಡುಪಿಗೆ ಎರಡು ದಿನ ಕೊಟ್ಟು, ಕಾರ್ಕಳಕ್ಕೆ 'ದಾರಿಯಲ್ಲಿ ಒಂದು ಗಂಟೆ' ಅಂತ ಬರೆದಿರುತ್ತಾರೆ. 1586ರಲ್ಲಿ ಅರಸ ಇದ್ದದ್ದು ಕಾರ್ಕಳದ ಕಡೆ. ಪಟ್ಟಿ ಎಳೆಯದೇ ಹೋದರೆ ಇದು ಯಾರಿಗೂ ಹೊಳೆಯುವುದಿಲ್ಲ.

ಮುಂದೆ ಕೆಳದಿಯವರ ಕೈ ಮೇಲಾಯಿತು. 1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಕಂಪೆನಿ ಸರಕಾರದ ಪಾಲಾಯಿತು. ಗೆದ್ದ ಸೀಮೆಯಲ್ಲಿ ಏನಿದೆ ನೋಡಿ ಬಾ ಅಂತ ಕಂಪೆನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಅವನ ಪ್ರವಾಸದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಅವನು ಹಿಡಿದ ದಾರಿ. ಮೂಡುಬಿದಿರೆ, ಕಾರ್ಕಳ ನೋಡಿಕೊಂಡು ಆಮೇಲೆ ಉಡುಪಿಗೆ ಬಂದ. ಅಂದರೆ ಜೈನ ಪಟ್ಟಣಗಳು ಮೊದಲು, ಕೃಷ್ಣ ಮಠ ಆಮೇಲೆ. ನಮ್ಮ ಆ್ಯಪ್ ಹೆದ್ದಾರಿ ಹಿಡಿದು ಉಡುಪಿಯಿಂದಲೇ ಶುರು ಮಾಡಿಸುತ್ತದೆ. ರೂಟ್ ಅನ್ನುವ ಫೀಚರ್ ಬರೀ ಕಿಲೋಮೀಟರಿನ ಲೆಕ್ಕ ಅಲ್ಲ, ಯಾವುದು ಮುಖ್ಯ ಅಂತಲೂ ಅದೇ ಹೇಳಿಬಿಡುತ್ತದೆ.

1901ರಲ್ಲಿ ಕಾಪುವಿನ ಬೋಳು ಬಂಡೆಯ ಮೇಲೆ ದೀಪಸ್ತಂಭ ಬಂತು. ಸುಮಾರು 27 ಮೀಟರ್ ಎತ್ತರ. ಆಗ ಈ ಊರುಗಳೆಲ್ಲ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ದೀಪ ಉರಿಸಿದ್ದು ಹಡಗಿನವರಿಗೆ, ಸಂಜೆ ಹತ್ತಿ ಸೂರ್ಯಾಸ್ತದ ಫೋಟೋ ತೆಗೆಯುವ ನಮಗಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉಡುಪಿಯೇ ಜಿಲ್ಲೆಯಾಗಿದ್ದು 1997ರಲ್ಲಿ.

ಮಣಿಪಾಲದ ಗುಡ್ಡ ಮ್ಯಾಪಿನಲ್ಲಿ ತುಂಬಿಕೊಳ್ಳುವುದು ತುಂಬ ತಡವಾಗಿ. ಅದರ ಬೇರು ಉಡುಪಿಯಲ್ಲಿದೆ. 1925ರಲ್ಲಿ ಅಲ್ಲಿ ಶುರುವಾದ ಬ್ಯಾಂಕು 1928ರಿಂದ ಪಿಗ್ಮಿ ಅಂತ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಅದನ್ನು ಕಟ್ಟಿದವರಲ್ಲೊಬ್ಬರಾದ ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಆ ಬ್ಯಾಂಕು ಈಗಿಲ್ಲ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 'ಶುರು' ಅನ್ನುವ ಕಾಲಂ ಇದ್ದ ಮೇಲೆ 'ಕೊನೆ' ಅನ್ನುವುದೂ ಬೇಕಲ್ಲ?

ಮಣಿಪಾಲದಲ್ಲಿ ಇನ್ನೊಂದು ತಮಾಷೆ ಇದೆ. ವಿಜಯನಾಥ ಶೆಣೈಯವರ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಬೇರೆ ಬೇರೆ ಊರುಗಳಲ್ಲಿ ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮುಧೋಳದ ಅರಮನೆಯ ದರ್ಬಾರ್ ಹಾಲ್ ಇದೆ, ಕಾರ್ಕಳದ ಪಕ್ಕದ ಮಿಯಾರಿನ ಮನೆಯೂ ಇದೆ. ಪಟ್ಟಿ ಎಳೆದರೆ ಆ ಮನೆಯ ಚುಕ್ಕಿ ಮಿಯಾರಿನಿಂದ ಎದ್ದು ಮಣಿಪಾಲದ ಮೇಲೆ ಕೂರಬೇಕು. 'ಯಾವಾಗ' ಮಾತ್ರವಲ್ಲ, 'ಎಲ್ಲಿ' ಅನ್ನುವುದೂ ಬದಲಾಗುತ್ತದೆ!

ಇಷ್ಟು ತೋರಿಸಿದ ಮೇಲೆ ಗೆಳೆಯ ಒಂದು ಒಳ್ಳೆಯ ಪ್ರಶ್ನೆ ಕೇಳಿದ: "ಕನಕನ ಕಿಂಡಿಗೆ ಯಾವ ಇಸವಿ ಹಾಕ್ತಿ?" ಕನಕದಾಸರು ಹಿಂದೆ ನಿಂತು ಹಾಡಿದಾಗ ಗೋಡೆ ಬಿರಿದು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅನ್ನುವುದು ಜನ ತಲೆಮಾರುಗಳಿಂದ ನಂಬಿಕೊಂಡು ಬಂದ ಕಥೆ. ಅದರ ಬಗ್ಗೆ ವಾದವಿವಾದಗಳೂ ನಡೆದಿವೆ. ಕಾರ್ಕಳದ 1432 ಕಲ್ಲಿನ ಮೇಲಿದೆ, ಕಿಂಡಿಯ ಕಥೆ ಬಾಯಿಯ ಮೇಲಿದೆ. ಎರಡನ್ನೂ ಒಂದೇ ಅಕ್ಷರದಲ್ಲಿ ಒಂದೇ ಧಾಟಿಯಲ್ಲಿ ತೋರಿಸಿದರೆ ಬಂದವನಿಗೆ ಮೋಸ. ಕಥೆಯನ್ನು ಬಿಟ್ಟೇಬಿಟ್ಟರೆ ಊರಿಗೆ ಮೋಸ, ಕನಕನಿಗಾಗಿಯೇ ಉಡುಪಿಗೆ ಬರುವವರು ಎಷ್ಟು ಜನ!

ಹಾಗಾಗಿ 'ವರ್ಷ' ಕಾಲಂ ಹೋಯಿತು. ಬದಲಿಗೆ ಪ್ರತಿ ಜಾಗಕ್ಕೂ ಘಟನೆಗಳ ಬೇರೆ ಟೇಬಲ್. ಏನಾಯಿತು, ಯಾವಾಗ, ಯಾರಿಂದ, ಮತ್ತು 'ಹೇಗೆ ಗೊತ್ತು' - ಶಾಸನವೋ, ಬರಹವೋ, ಜನರ ಬಾಯಿಮಾತೋ. ಕೆಲಸ ಹೆಚ್ಚಾಯಿತು ಅಂತ ಹೋಟೆಲುಗಳಿಗೆ ಸ್ಟಾರ್ ಕೊಡುವ ಫೀಚರನ್ನು ಎರಡನೇ ಆವೃತ್ತಿಗೆ ತಳ್ಳಿದ್ದೇವೆ. ಉಡುಪಿಯಲ್ಲಿ ಮಸಾಲೆ ದೋಸೆ ಎಲ್ಲಿ ಚೆನ್ನಾಗಿದೆ ಅಂತ ಹೇಳಲು ದಾರಿಯಲ್ಲಿ ಹೋಗುವ ಯಾರಾದರೂ ಸಿಗುತ್ತಾರೆ. ಕಾರ್ಕಳ ಒಮ್ಮೆ ರಾಜಧಾನಿಯಾಗಿತ್ತು ಅಂತ ಹೇಳಲು ಎಲ್ಲರೂ ಸಿಗುವುದಿಲ್ಲ.

ಗೆಳೆಯರೇ, ನಿಮ್ಮೂರಿನ ಮ್ಯಾಪಿಗೆ ಇಂಥದೊಂದು ಪಟ್ಟಿ ಹಾಕಿದರೆ ಯಾವ ಇಸವಿಯಲ್ಲಿ ನಿಲ್ಲಿಸುತ್ತೀರಿ?