ರೇಷ್ಮೆ ಬಿಚ್ಚಾಣಿಕೆದಾರರ ಆಸ್ತಮಾ

ಗೂಡು ಬೇಯಿಸಿ ನೂಲು ತೆಗೆಯುವಾಗ ಏಳುವ ಹಬೆ ಮತ್ತು ದೂಳಿನಲ್ಲಿರುವ ಪ್ರೋಟೀನ್ ಕಣಗಳಿಂದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುವ ವೃತ್ತಿಜನ್ಯ ಕಾಯಿಲೆ. ಆಡುಮಾತಿನಲ್ಲಿ ದಮ್ಮು, ಉಬ್ಬಸ. 1985ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ರೇಷ್ಮೆ ಫಿಲೇಚರ್ (ನೂಲು ಬಿಚ್ಚುವ ಕಾರ್ಖಾನೆ) ಕಾರ್ಮಿಕರ ಪೈಕಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಲ್ಲಿ ಆಸ್ತಮಾವನ್ನು ಗುರುತಿಸಿತು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆ ಹಿಪ್ಪುನೇರಳೆಯ ನಾಡು. ಅಲ್ಲಿನ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ ರಾಮನಗರದ ನಂತರ ರಾಜ್ಯದಲ್ಲೇ ದೊಡ್ಡದೆಂದು ಹೆಸರಾಗಿದೆ, ಚಿಂತಾಮಣಿಯಲ್ಲೂ ನೂಲು ಬಿಚ್ಚಿಸುವ ರೀಲರ್‌ಗಳಿದ್ದಾರೆ. ಹರಾಜಿನಲ್ಲಿ ಕೊಂಡ ಗೂಡು ಸೇರುವುದು ಬಹುಮಟ್ಟಿಗೆ ಮನೆಗೆ ಅಂಟಿಕೊಂಡ ಶೆಡ್‌ಗಳನ್ನು. ಹಳೆಯ ಚರಕ ಘಟಕದಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ. ಗೂಡು ಮೆದುವಾದ ಮೇಲೆ ಬಿಚ್ಚುವವರು ಬಿಸಿನೀರಿಗೇ ಬೆರಳಿಟ್ಟು ಎಳೆಯ ತುದಿ ಹುಡುಕುತ್ತಾರೆ. ಎಳೆ ಪೂರ್ತಿ ಕಳಚಿದಾಗ ಒಳಗಿನ ಸತ್ತ ಪ್ಯೂಪಾ ನೀರಿನಲ್ಲೇ ಉಳಿಯುತ್ತದೆ. ನೀರು ಕಂದಿ, ನಾತ ಬೀದಿಯವರೆಗೂ ಹರಡುತ್ತದೆ. ಎಳೆ ತೇವದಲ್ಲಿರಬೇಕೆಂದು ಕಿಟಕಿ ಮುಚ್ಚಿಟ್ಟರೆ ಸೌದೆಯ ಹೊಗೆಯೂ ಹಬೆಯೂ ಒಳಗೇ ನಿಲ್ಲುತ್ತವೆ.

ರೇಷ್ಮೆ ಎಳೆಯ ತಿರುಳು ಫೈಬ್ರಾಯಿನ್. ಅದನ್ನು ಸುತ್ತಿರುವ ಅಂಟು ಸೆರಿಸಿನ್, ತೂಕದಲ್ಲಿ ಶೇ. 20ರಿಂದ 30. ಕುದಿಯುವಾಗ ಈ ಅಂಟು ಒಂದಷ್ಟು ಕರಗುತ್ತದೆ. ಅದರ ಜೊತೆಗೆ ಪ್ಯೂಪಾದ ಪ್ರೋಟೀನುಗಳೂ ಹಬೆಯ ಹನಿಗಳಲ್ಲಿ ತೇಲಿ ಉಸಿರಿಗೆ ಸೇರುತ್ತವೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಯ ಹುಡಿ ಇದೇ ಕೆಲಸ ಮಾಡುತ್ತದೆ. ಮೊದಲ ದಿನವೇ ಯಾರಿಗೂ ದಮ್ಮು ಬರುವುದಿಲ್ಲ. ತಿಂಗಳು, ವರ್ಷಗಳ ಒಡನಾಟದಲ್ಲಿ ದೇಹ ಐಜಿಇ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಅಲ್ಲಿಂದಾಚೆಗೆ ಅಲ್ಪ ಹಬೆಯೂ ಸಾಕು, ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳದ ಗೋಡೆಗೆ ಮುತ್ತುತ್ತವೆ.

ಚಿಕಿತ್ಸೆಯ ಗುರಿ ಉಬ್ಬಸವಲ್ಲ, ಅದರ ಹಿಂದಿರುವ ಈ ಉರಿಯೂತ. ಸಾಲ್ಬುಟಮಾಲ್ ಎಂಬ ಮದ್ದು ಶ್ವಾಸನಾಳವನ್ನು ಗಳಿಗೆಯ ಮಟ್ಟಿಗೆ ಹಿಗ್ಗಿಸುತ್ತದೆ, ಅಷ್ಟೆ. ಅದೊಂದನ್ನೇ ನೆಚ್ಚಿಕೊಳ್ಳಬಾರದೆಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಉರಿಯೂತ ತಗ್ಗಿಸುವುದು ಬ್ಯುಡೆಸೊನೈಡ್, ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಪಂಪ್ ಹಿಡಿದರೆ ಅದೇ ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆಗೆ ಹೆದರಬೇಕಾದ್ದು. ಅದರಿಂದ ಮೂಳೆ ಸವೆತ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಬರಬಹುದು.

ಎಲ್ಲ ಉರಿಯೂತವೂ ಸ್ಟೀರಾಯ್ಡಿಗೆ ಹೀಗೆ ಮಣಿಯುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಅನುವಂಶೀಯ ಕಾಯಿಲೆಯಲ್ಲಿ ಶ್ವಾಸಕೋಶಕ್ಕೆ ನುಗ್ಗುವುದು ಮುಖ್ಯವಾಗಿ ನ್ಯೂಟ್ರೊಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣ. ಅದು ಉಗುಳುವ ಎಲಾಸ್ಟೇಸ್ ಕಿಣ್ವ ನಾಳದ ಗೋಡೆಯನ್ನೇ ಕೊರೆಯುತ್ತದೆ. ಅಲ್ಲಿ ಸ್ಟೀರಾಯ್ಡ್ ಮಾತ್ರೆ ಉಸಿರಿಗೆ ಒಂದಿಷ್ಟು ನೆರವಾದರೂ ಮಕ್ಕಳ ಬೆಳವಣಿಗೆ ಕುಂಠಿತಗೊಳಿಸಿತು. ಹೆಚ್ಚಿನ ಪ್ರಮಾಣದ ಐಬುಪ್ರೊಫೆನ್ ಶ್ವಾಸಕೋಶದ ಕುಸಿತವನ್ನು ನಿಧಾನಿಸುತ್ತದೆಂದು 1995ರಲ್ಲಿ ತೋರಿದರೂ, ರಕ್ತದಲ್ಲಿ ಮದ್ದಿನ ಮಟ್ಟ ಅಳೆಯುತ್ತಲೇ ಕೊಡಬೇಕಾದ ತೊಡಕಿನಿಂದ ಬಳಕೆ ಹೆಚ್ಚಲಿಲ್ಲ. ಬಿಐಐಎಲ್ 284 ಎಂಬ ಮದ್ದು ಪಡೆದವರಲ್ಲಿ ಶ್ವಾಸಕೋಶದ ತೊಂದರೆಗಳು ಹೆಚ್ಚಿದ್ದರಿಂದ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು; ಅದು ಉರಿಯೂತದ ಜೊತೆಗೆ ಸೋಂಕಿನ ವಿರುದ್ಧದ ಕಾವಲನ್ನೂ ಕುಗ್ಗಿಸಿತೆಂಬ ಶಂಕೆಯಿದೆ. ದೋಷವಿರುವ ಜೀನ್ 1989ರಲ್ಲೇ ಪತ್ತೆಯಾಗಿತ್ತು. ಅದರ ಪ್ರೋಟೀನನ್ನು ಬಹುಪಾಲು ರೋಗಿಗಳಲ್ಲಿ ಸರಿಪಡಿಸಬಲ್ಲ ತ್ರಿವಳಿ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ.

ಶಿಡ್ಲಘಟ್ಟದ ಶೆಡ್ಡಿನಲ್ಲಿ ಕಾರಣ ಹುಡುಕಲು ಜೀನಿನವರೆಗೆ ಹೋಗಬೇಕಾಗಿಲ್ಲ, ಅದು ಒಲೆಯ ಮೇಲೇ ಇದೆ. ಹಬೆ ಸೆಳೆದು ಹೊರಹಾಕುವ ಫ್ಯಾನು, ಎತ್ತರದ ಚಿಮಣಿ, ಬೇಯಿಸುವ ಜಾಗವನ್ನು ಬೇರೆಯಾಗಿಸುವುದು ಇವೂ ಉರಿಯೂತದ ಚಿಕಿತ್ಸೆಯೇ. ಸ್ವಯಂಚಾಲಿತ ರೀಲಿಂಗ್ ಯಂತ್ರ ಬಿಸಿನೀರಿನಲ್ಲಿ ಕೈಯದ್ದುವ ಕೆಲಸವನ್ನು ಕಡಿಮೆ ಮಾಡುತ್ತದೆ. ಬಂಡವಾಳ ಮಾತ್ರ ಸಣ್ಣ ರೀಲರ್‌ಗೆ ಎಟುಕುವುದಲ್ಲ. ಮನೆಮಂದಿಯೇ ದುಡಿಯುವ ಘಟಕಗಳು ಕಾರ್ಖಾನೆ ಕಾನೂನಿನ ವ್ಯಾಪ್ತಿಗೆ ಬಾರದ ಕಾರಣ ಫ್ಯಾನು, ಚಿಮಣಿಗಳನ್ನು ಕಡ್ಡಾಯಗೊಳಿಸುವವರೂ ಇಲ್ಲ.

ಪತ್ತೆಗೆ ಮೊದಲ ಸುಳಿವು ರೋಗಿಯ ಬಾಯಲ್ಲೇ ಸಿಗುತ್ತದೆ: ಕೆಲಸದ ದಿನ ರಾತ್ರಿ ಕೆಮ್ಮು, ಊರಿಗೆ ಹೋದಾಗ ಆರಾಮ. ಉಸಿರು ಬಿಡುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿ ಕೆಲಸದ ದಿನ, ರಜೆಯ ದಿನಗಳ ಅಂಕಿ ಹೋಲಿಸಿದರೆ ಇದು ಖಚಿತವಾಗುತ್ತದೆ. ಕ್ಷಯವನ್ನೂ ಹೊಗೆಯಿಂದ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯನ್ನೂ ಬೇರ್ಪಡಿಸಿ ನೋಡಬೇಕು. ಲಕ್ಷಣ ಕಂಡ ಹೊಸತರಲ್ಲೇ ಹಬೆಯಿಂದ ದೂರವಾದವರು ಗುಣವಾಗುವ ಸಂಭವ ಹೆಚ್ಚು. ವರ್ಷಗಟ್ಟಲೆ ಸಹಿಸಿಕೊಂಡವರಲ್ಲಿ ಹಲವರಿಗೆ ಕಸಬು ಬಿಟ್ಟ ಮೇಲೂ ಇನ್ಹೇಲರ್ ಬೇಕಾಗುತ್ತದೆ.